ಎಚ್ಚರಿಕೆಯ ಮಾತು

2020ನೆಯ ಇಸವಿಯ ಬೇಸಗೆಯಲ್ಲಿ, ಊರಿನ ಬೀದಿಗಳೆಲ್ಲ ಬಿಕೋ ಎನ್ನುತ್ತಿದ್ದ ದಿನಗಳಲ್ಲಿ, ನನ್ನ ಪರಿಚಯದ ತರುಣರು ಕೆಲವರು ಒಂದು ಕರಪತ್ರದ ಕರಡನ್ನು ತಂದು ನನ್ನ ಮುಂದಿಟ್ಟರು. ಕೊರೊನಾ ರೋಗ ಹರಡದಂತೆ ಜನರು ಏನು ಮಾಡಬೇಕು, ಏನು ಮಾಡಬಾರದು ಎಂಬ ವಿವರ ಅದರಲ್ಲಿ ಇಂಗ್ಲಿಷಿನಲ್ಲಿತ್ತು. ಅದನ್ನು ನಾಲ್ಕು ಜನಕ್ಕೆ ತಿಳಿಯುವಂತೆ ಕನ್ನಡಕ್ಕೆ ತಿರುಗಿಸಿಕೊಡಬೇಕೆಂದು ಅವರ ಕೋರಿಕೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇದೇನು ಮಹಾ ಕೆಲಸ ಎಂದುಕೊಂಡು ನಾನು ಅದನ್ನು ಒಂದೇ ಸಂಜೆಯಲ್ಲಿ ಮುಗಿಸಿಕೊಟ್ಟೆ. ಆ ದಿನಗಳಲ್ಲಿ ಎಲ್ಲರೂ ಬರೆಯುತ್ತಿದ್ದಂತೆ ನಾನೂ 'ಸಾಮಾಜಿಕ ಅಂತರವನ್ನು ಕಾಯ್ದುಕೊಳ್ಳಿ' ಎಂದು ಬರೆದು, ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿರಿ ಎಂದು ಸೂಚಿಸಿಯೂ ಇದ್ದೆ.

ಕರಪತ್ರ ಅಚ್ಚಾಗಿ ಬಂದ ಮರುದಿನ, ನಮ್ಮ ಬೀದಿಯನ್ನು ಗುಡಿಸಲು ಬರುತ್ತಿದ್ದ ಹೆಂಗಸು ಅದರ ಒಂದು ಪ್ರತಿಯನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಓದಿ ಹೇಳಿರೆಂದು ಕೇಳಿದಳು. ನಾನು ಜಗಲಿಯ ಮೇಲೆ ನಿಂತು ಓದಿದೆ. ಆಕೆ ಬೀದಿಯಲ್ಲಿ ನಿಂತು ಗಮನವಿಟ್ಟು ಕೇಳಿದಳು. ಕೊನೆಗೆ ಆಕೆ ಹೇಳಿದ್ದು ಇಷ್ಟು: 'ಅಂತರ ಇಟ್ಕೊಳ್ಳಿ ಅಂತ ನಮಗೆ ಯಾಕೆ ಹೇಳ್ತೀರಿ ಸ್ವಾಮಿ? ಅದನ್ನ ನಮ್ಮಜ್ಜಿ ಕಾಲದಿಂದ ನೀವೇ ಇಟ್ಟಿದ್ದೀರಲ್ಲ.' ಆಕೆಯ ಮಾತಿನಲ್ಲಿ ಕೋಪವಿರಲಿಲ್ಲ, ವ್ಯಂಗ್ಯವಿತ್ತೆಂದೂ ಹೇಳಲಾರೆ. ಕಾಗದದಲ್ಲಿದ್ದ ಮಾತಿಗೆ ಆಕೆಯ ಬಾಳು ಯಾವ ಅರ್ಥವನ್ನು ಕೊಟ್ಟಿತ್ತೋ ಆ ಅರ್ಥವನ್ನೇ ಆಕೆ ಗ್ರಹಿಸಿದ್ದಳು. ನಾನು ಜಗಲಿಯ ಮೇಲಿದ್ದೇನೆ, ಆಕೆ ಬೀದಿಯಲ್ಲಿದ್ದಾಳೆ ಎಂಬುದು ನನ್ನ ಗಮನಕ್ಕೆ ಬಂದದ್ದು ಆಗಲೇ.

ಆ ಇಂಗ್ಲಿಷ್ ಮಾತು ವೈದ್ಯರ ಪರಿಭಾಷೆ. ಒಬ್ಬರ ಉಸಿರು ಇನ್ನೊಬ್ಬರಿಗೆ ತಗಲದಷ್ಟು ದೂರದಲ್ಲಿರಿ ಎಂಬುದಷ್ಟೇ ಅದರ ತಾತ್ಪರ್ಯ. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚಿನಲ್ಲಿ ಆ ಮಾತಿನ ಬದಲು 'ದೈಹಿಕ ಅಂತರ' ಎನ್ನುವುದು ಮೇಲೆಂದು ಹೇಳಿತು. ದೇಹಗಳು ದೂರವಿರಬೇಕೇ ಹೊರತು ಮನುಷ್ಯರು ಒಬ್ಬರಿಗೊಬ್ಬರು ಎರವಾಗಬಾರದೆಂಬುದು ಅದರ ಆಶಯ. ಕನ್ನಡದಲ್ಲಿಯಂತೂ 'ಸಮಾಜ' ಮತ್ತು 'ಅಂತರ' ಎಂಬ ಎರಡು ಪದಗಳು ಜೊತೆಗೂಡಿದ ಕೂಡಲೇ ಕೇರಿ, ಅಗ್ರಹಾರ, ಬಾವಿಕಟ್ಟೆಗಳೆಲ್ಲ ಎದ್ದು ನಿಲ್ಲುತ್ತವೆ. ಅದನ್ನು ನಾನು ಕಾಣದೆ ಹೋದೆ. ಪದಕ್ಕೆ ಪದವನ್ನಿಟ್ಟು ಕೈ ತೊಳೆದುಕೊಂಡೆ.

ಅಂದಿನಿಂದ ಈ ವಿಷಯ ನನ್ನ ಮನಸ್ಸನ್ನು ಬಿಟ್ಟಿಲ್ಲ. ಊರಿಗೆ ಊರೇ ರೋಗಕ್ಕೆ ತುತ್ತಾಗುವ ಕಾಲದಲ್ಲಿ ಔಷಧ ಕೈಗೆ ಬರುವುದಕ್ಕೆ ಮೊದಲು ನಮ್ಮ ಬಳಿ ಇರುವ ಸಾಧನ ಮಾತು ಒಂದೇ. ಆ ಮಾತು ಜನರನ್ನು ಮುಟ್ಟಿದರೆ ಸಾವಿರಾರು ಜೀವ ಉಳಿಯುತ್ತದೆ. ಮುಟ್ಟದಿದ್ದರೆ ಒಳ್ಳೆಯ ಔಷಧವೂ ಸೀಸೆಯಲ್ಲಿಯೇ ಉಳಿದುಬಿಡುತ್ತದೆ. ಹಾಗಾದರೆ ಎಚ್ಚರಿಕೆಯ ಮಾತು ಯಾವಾಗ ಮುಟ್ಟುತ್ತದೆ, ಯಾವಾಗ ಮುಟ್ಟುವುದಿಲ್ಲ? ಇದಕ್ಕೆ ನಮ್ಮ ನಾಡಿನ ಇನ್ನೂರು ವರ್ಷಗಳ ಅನುಭವದಲ್ಲಿಯೇ ಸಾಕಷ್ಟು ಪಾಠಗಳಿವೆ.

ಮೊದಲು ಸಿಡುಬಿನ ಮಾತನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು 1796ರಲ್ಲಿ ತೋರಿಸಿದ. ಆ ದಾಕು ಆರೇ ವರ್ಷಗಳಲ್ಲಿ ಮುಂಬಯಿಯನ್ನು ತಲುಪಿತು. 1802ರ ಜೂನ್ 14ರಂದು ಅಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದನ್ನು ಹಾಕಿದರು. ಭಾರತದಲ್ಲಿ ಮೊದಲು ದಾಕು ಹಾಕಿಸಿಕೊಂಡ ಜೀವ ಅದು. ಆ ಕಾಲದಲ್ಲಿ ಲಸಿಕೆಯನ್ನು ಸೀಸೆಯಲ್ಲಿ ಬಹುಕಾಲ ಇಡುವ ಉಪಾಯ ಇರಲಿಲ್ಲ; ಒಂದು ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ತೋಳಿಗೆ ಹಾಕಬೇಕಾಗಿತ್ತು. ಯಾರದೋ ಮೈಯ ಕೀವು ನಮ್ಮ ಮಗುವಿನ ಮೈಗೇಕೆ ಎಂದು ಜನ ಹಿಂಜರಿದದ್ದು ಆಶ್ಚರ್ಯವಲ್ಲ. ಸಿಡುಬು ನಮ್ಮವರ ಪಾಲಿಗೆ ಬರಿಯ ರೋಗವೂ ಆಗಿರಲಿಲ್ಲ. 'ಅಮ್ಮ' ಬಂದಿದ್ದಾಳೆ ಎನ್ನುತ್ತಿದ್ದರು.

ಆಗ ಮೈಸೂರಿನ ಅರಮನೆ ಒಂದು ಕೆಲಸ ಮಾಡಿತು. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ 1805ರ ಸುಮಾರಿಗೆ ಮೈಸೂರಿನಲ್ಲಿ ಬರೆದ ಒಂದು ವರ್ಣಚಿತ್ರವಿದೆ. ಮೂವರು ಸ್ತ್ರೀಯರು, ಮೈತುಂಬ ಆಭರಣ. ಬಹುಕಾಲ ಅದನ್ನು ನರ್ತಕಿಯರ ಚಿತ್ರವೆಂದೇ ಎಣಿಸಿದ್ದರು. ಈಚಿನ ಇತಿಹಾಸ ಸಂಶೋಧಕರ ಅಭಿಪ್ರಾಯದಲ್ಲಿ ಅವರು ಮೈಸೂರಿನ ರಾಜಮನೆತನದ ಸ್ತ್ರೀಯರು. ಬಲಗಡೆಯಲ್ಲಿ ನಿಂತ ಎಳೆಯ ರಾಣಿ, ಅಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ, ಸೆರಗನ್ನು ಓರೆಮಾಡಿ ತೋಳನ್ನು ತೋರಿಸುತ್ತಿದ್ದಾಳೆ. ದಾಕು ಹಾಕಿಸಿಕೊಂಡ ಜಾಗ ಅದು ಎಂಬುದು ಅವರ ಊಹೆ. ಅಂತಃಪುರದ ಹೆಣ್ಣುಮಕ್ಕಳ ಮುಖವನ್ನು ಹೊರಗಿನವರು ಕಾಣುವುದೇ ದುರ್ಲಭವಾಗಿದ್ದ ಕಾಲದಲ್ಲಿ ರಾಣಿಯೊಬ್ಬಳು ತನ್ನ ತೋಳನ್ನು ಚಿತ್ರಕಾರನಿಗೆ ತೋರಿಸಿ ನಿಂತಳೆಂದರೆ ಅದು ಸಾಮಾನ್ಯವಾದ ಸಂಗತಿಯಲ್ಲ. ಈ ಊಹೆ ನಿಜವಾದರೆ, ನಮ್ಮ ನಾಡಿನ ಮೊದಲ ಆರೋಗ್ಯ ಪ್ರಚಾರದಲ್ಲಿ ಅಕ್ಷರವೇ ಇರಲಿಲ್ಲ. 'ನಾನು ಹಾಕಿಸಿಕೊಂಡೆ, ಬದುಕಿದ್ದೇನೆ' ಎಂದು ಒಂದು ತೋಳು ಹೇಳುತ್ತಿತ್ತು.

ಅದೇ ಕಾಲದಲ್ಲಿ ಮದರಾಸಿನಲ್ಲಿ ಇನ್ನೊಂದು ಬಗೆಯ ಪ್ರಯತ್ನ ನಡೆಯಿತು. ಫ್ರಾನ್ಸಿಸ್ ವೈಟ್ ಎಲ್ಲಿಸ್ ಎಂಬ ಅಧಿಕಾರಿಯ ಹೆಸರು ಭಾಷಾಶಾಸ್ತ್ರ ಬಲ್ಲವರಿಗೆ ಪರಿಚಿತ. ದಕ್ಷಿಣದ ನಮ್ಮ ಭಾಷೆಗಳೆಲ್ಲ ಒಂದೇ ಕುಟುಂಬಕ್ಕೆ ಸೇರಿದವೆಂದು ಕಾಲ್ಡ್‌ವೆಲ್ಲನಿಗಿಂತ ಎಷ್ಟೋ ಮೊದಲೇ, 1816ರಲ್ಲಿ, ಹೇಳಿದ ವಿದ್ವಾಂಸ ಆತ. ಹಸುವಿನ ಸಿಡುಬಿನ ದಾಕನ್ನು ಹೊಗಳುವ ಒಂದು ಪದ್ಯವನ್ನು ಆತ ಸಂಸ್ಕೃತದಲ್ಲಿ ತಾನೇ ರಚಿಸಿ, ಹಳೆಯ ಕಾಗದದ ಮೇಲೆ ಬರೆಯಿಸಿ, ಪುರಾತನ ಗ್ರಂಥದಲ್ಲಿ ಸಿಕ್ಕಿತೆಂದು ಹೇಳಿದನೆಂದು ಆ ಕಾಲದ ಬರಹವೊಂದು ತಿಳಿಸುತ್ತದೆ. ಗೋವಿನಿಂದ ಬಂದ ಮದ್ದು, ಶಾಸ್ತ್ರದಲ್ಲಿ ಹೇಳಿದ ಮದ್ದು ಎಂದಾದರೆ ಬ್ರಾಹ್ಮಣರು ಒಪ್ಪಿಯಾರೆಂಬ ಎಣಿಕೆ. ಉದ್ದೇಶ ಒಳ್ಳೆಯದೇ. ಆದರೆ ಆ ಕೆಲಸದ ಒಳಗೆ ಜನರ ಬುದ್ಧಿಯ ಮೇಲಿನ ಅಪನಂಬಿಕೆ ಇದೆ. ಇವರಿಗೆ ನಿಜ ಹೇಳಿದರೆ ತಿಳಿಯದು, ಮರುಳುಮಾಡಿದರೆ ಸಾಕು ಎಂಬ ಭಾವನೆ ಅದು. ರಾಣಿಯ ತೋಳಿನಲ್ಲಿ ಆ ಭಾವನೆ ಇಲ್ಲ. ಸುಳ್ಳಿನಿಂದ ಒಂದು ಊರಿಗೆ ಒಂದು ಸಲ ದಾಕು ಹಾಕಬಹುದು. ಸುಳ್ಳು ಬಯಲಾದ ಮೇಲೆ ಎರಡನೆಯ ಸಲ ಆ ಊರಿನ ಬಾಗಿಲು ತೆರೆಯುವುದಿಲ್ಲ.

ಇನ್ನು ಪ್ಲೇಗಿನ ಕಾಲಕ್ಕೆ ಬರೋಣ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾಕ್ಟರ್ ಅಕಾಸಿಯೋ ವೀಗಾಸ್ ಈ ರೋಗವನ್ನು ಗುರುತಿಸಿದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಸರ್ಕಾರಕ್ಕೆ ತೋರಿದ ಯಾವ ಕ್ರಮವನ್ನಾದರೂ ಕೈಗೊಳ್ಳುವ ಅಧಿಕಾರ ಅದರಲ್ಲಿತ್ತು. ಜನರಿಗೆ ಕಾರಣ ತಿಳಿಸಬೇಕೆಂಬ ಕಟ್ಟುಪಾಡು ಇರಲಿಲ್ಲ. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೆಳಗೆ ಸೈನಿಕರು ಮನೆ ಮನೆ ಹೊಕ್ಕು ಶೋಧಿಸಿದರು. ಅಡುಗೆಮನೆ, ದೇವರ ಮನೆ ಎಂಬ ಭೇದವಿರಲಿಲ್ಲ. ರೋಗಿಗಳನ್ನು ಆಸ್ಪತ್ರೆಗೂ ಮನೆಯವರನ್ನು ಶಿಬಿರಗಳಿಗೂ ಸಾಗಿಸಿದರು. ಜನ ರೋಗಿಗಳನ್ನು ಬಚ್ಚಿಡಲು ಕಲಿತರು. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರೋತ್ಸವ ಮುಗಿಸಿ ಮರಳುತ್ತಿದ್ದ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಕ್ಕಿದರು. ಅದೇ ವರ್ಷದ ಮಾರ್ಚಿನಲ್ಲಿ, ಅದೇ ಪುಣೆಯಲ್ಲಿ, ಪ್ಲೇಗಿನ ರೋಗಿಗಳನ್ನು ಉಪಚರಿಸುತ್ತಲೇ ಸಾವಿತ್ರಿಬಾಯಿ ಫುಲೆಯವರು ಅದೇ ರೋಗದಿಂದ ತೀರಿಕೊಂಡಿದ್ದರು. ಒಂದೇ ಊರಿನಲ್ಲಿ, ಒಂದೇ ರೋಗವನ್ನು ಎದುರಿಸಿದ ಎರಡು ಬಗೆಗಳು ಇವು.

ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ, ರೈಲಿನ ದಾರಿ ಹಿಡಿದು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಅದು ಕಾಡಿದ ಬಗೆಯನ್ನು ಹಿರಿಯರು ಬಹುಕಾಲ ಹೇಳುತ್ತಿದ್ದರು. ಗಾಳಿ ಬೆಳಕು ಧಾರಾಳವಾಗಿ ಬರುವ ಅಗಲ ರಸ್ತೆಗಳ ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಆ ಭಯದ ಹಿನ್ನೆಲೆಯಲ್ಲಿಯೇ. ಪ್ಲೇಗಿನ ಮಾರಮ್ಮನ ಗುಡಿಗಳು ಎದ್ದದ್ದೂ ಅದೇ ಕಾಲದಲ್ಲಿ.

ಪ್ಲೇಗಿನ ಕಥೆಯಲ್ಲಿ ವಿದ್ಯಾವಂತರು ತಲೆತಗ್ಗಿಸಬೇಕಾದ ಒಂದು ಸಂಗತಿಯಿದೆ. ರೋಗದ ಕ್ರಿಮಿಯನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದ. ಆದರೆ ಅದು ಮನುಷ್ಯನನ್ನು ಸೇರುವ ದಾರಿ ತಿಳಿದಿರಲಿಲ್ಲ. ಕೊಳೆಯೇ ಕಾರಣವೆಂದು ಅಧಿಕಾರಿಗಳು ಮನೆಗಳಿಗೆ ಕಾರ್ಬಾಲಿಕ್ ಆಮ್ಲ ಸುರಿದರು, ಗೋಡೆಗೆ ಸುಣ್ಣ ಬಳಿಸಿದರು, ಹಾಸಿಗೆ ಬಟ್ಟೆ ಸುಟ್ಟರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹೊತ್ತು ತರುವುದೆಂದು ಪೌಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಬಲ್ಲವರು ನಂಬಲಿಲ್ಲ. ಅದು ಸ್ಥಿರಪಟ್ಟದ್ದು ಮುಂದಿನ ದಶಕದಲ್ಲಿ. ಇತ್ತ ನಮ್ಮ ಹಳ್ಳಿಗರಿಗೆ ಚಿಗಟದ ವಿಷಯ ಗೊತ್ತಿರಲಿಲ್ಲ ನಿಜ. ಆದರೆ 'ಇಲಿ ಬಿದ್ದರೆ ಊರು ಬಿಡು' ಎಂಬುದು ಗೊತ್ತಿತ್ತು.

ನನ್ನ ತಾಯಿ ಹೇಳುತ್ತಿದ್ದ ಮಾತು ನೆನಪಾಗುತ್ತದೆ. ಆಕೆ ಚಿಕ್ಕವಳಿದ್ದಾಗ ಅಟ್ಟದ ಮೇಲಿಂದ ಒಂದು ಇಲಿ ನಡುಮನೆಗೆ ಬಿದ್ದು, ಗಿರ್ರನೆ ಸುತ್ತಿ ಸತ್ತಿತಂತೆ. ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಅಜ್ಜ ಹೊರಗೆ ಬಂದು ಪಕ್ಕದ ಮನೆಯವರಿಗೆ 'ಇಲಿ ಬಿತ್ತು' ಎಂದು ಎರಡು ಶಬ್ದ ಹೇಳಿದನಂತೆ. ಸಂಜೆಯ ಹೊತ್ತಿಗೆ ಬೀದಿಗೆ ಬೀದಿಯೇ ಗಾಡಿ ಹೂಡಿ ಹೊಲಗಳ ಕಡೆಗೆ ಹೊರಟಿತ್ತು. ಗರಿಯ ಗುಡಿಸಲು ಹಾಕಿಕೊಂಡು ಮೂರು ತಿಂಗಳು ಅಲ್ಲಿಯೇ ಇದ್ದರು. ಆ ಎರಡು ಶಬ್ದಗಳಲ್ಲಿ ಏನಾಗಿದೆ, ಏನು ಮಾಡಬೇಕು, ಎಷ್ಟು ಬೇಗ ಮಾಡಬೇಕು ಎಂಬುದೆಲ್ಲ ಅಡಗಿತ್ತು. ಹೇಳಿದವನು ತಾನೂ ಗಾಡಿ ಹೂಡುತ್ತಿದ್ದುದರಿಂದ ಕೇಳಿದವರಿಗೆ ಸಂಶಯ ಬರಲಿಲ್ಲ. ಕೊನೆಗೆ ಸರ್ಕಾರವೂ ಮನೆಶೋಧನೆಯ ಉಗ್ರತೆಯನ್ನು ಬಿಟ್ಟು, ಊರು ತೆರವು ಮಾಡುವುದನ್ನೇ ಪ್ರೋತ್ಸಾಹಿಸತೊಡಗಿತು. ಹೇಳುವವರು ಕೇಳಿಸಿಕೊಳ್ಳುವುದನ್ನೂ ಬಲ್ಲವರಾಗಿದ್ದರೆ ಎಷ್ಟೋ ಸಂಕಟ ಮೊದಲೇ ತಪ್ಪುತ್ತಿತ್ತು.

ಇದರಿಂದ ಹಳ್ಳಿಗರ ತಿಳಿವಳಿಕೆಯೆಲ್ಲ ಸರಿ, ವೈದ್ಯರದೆಲ್ಲ ತಪ್ಪು ಎಂದು ಯಾರೂ ಭಾವಿಸಬಾರದು. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನು ಓದಿದವರಿಗೆ ನೆನಪಿರಬಹುದು: ಅಗ್ರಹಾರದಲ್ಲಿ ಇಲಿಗಳು ಬಿದ್ದು ಸಾಯುತ್ತವೆ, ರಣಹದ್ದುಗಳು ಬಂದು ಮನೆಯ ಸೂರಿನ ಮೇಲೆ ಕೂರುತ್ತವೆ. ಆದರೆ ಅಲ್ಲಿಯ ಜನ ಹೆಣದ ಸಂಸ್ಕಾರ ಯಾರು ಮಾಡಬೇಕು ಎಂಬ ಮೈಲಿಗೆಯ ಲೆಕ್ಕದಲ್ಲಿ ಮುಳುಗಿದ್ದಾರೆ. ಕಣ್ಣೆದುರಿನ ಎಚ್ಚರಿಕೆ ಅವರಿಗೆ ಅರ್ಥವಾಗುವುದಿಲ್ಲ. ಒಂದು ಸಮಾಜ ಸ್ಪರ್ಶದ ಬಗ್ಗೆ ಸದಾ ಎಚ್ಚರವಾಗಿದ್ದೂ ಸೋಂಕಿನ ಬಗ್ಗೆ ಕುರುಡಾಗಿರಬಹುದು. ಮಡಿಗೂ ಶುಚಿಗೂ ಇರುವ ವ್ಯತ್ಯಾಸ ಇದೇ. ಮುಟ್ಟಿದವನು ಯಾರ ಮಗ ಎಂದು ಮಡಿ ಕೇಳುತ್ತದೆ. ಕೈ ಏನನ್ನು ಮುಟ್ಟಿತ್ತು ಎಂದು ಶುಚಿ ಕೇಳುತ್ತದೆ. ರೋಗ ಜಾತಿಯನ್ನು ಕೇಳುವುದಿಲ್ಲ.

ಪ್ಲೇಗಿಗೆ ಲಸಿಕೆಯೂ ಆ ಕಾಲದಲ್ಲಿಯೇ ಸಿದ್ಧವಾಯಿತು. ವಾಲ್ಡೆಮರ್ ಹಾಫ್‌ಕಿನ್ ಎಂಬ ವಿಜ್ಞಾನಿ ಅದನ್ನು ಮುಂಬಯಿಯಲ್ಲಿ ತಯಾರಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಇದೂ ರಾಣಿಯ ತೋಳಿನ ದಾರಿಯೇ. ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್‌ಕಿನ್‌ನದೆಂದು ಆತನನ್ನು ಕೆಲಸದಿಂದ ದೂರವಿಟ್ಟರು. ಆತ ನಿರಪರಾಧಿಯೆಂದು ತೀರ್ಮಾನವಾಗುವ ಹೊತ್ತಿಗೆ 1907 ಆಗಿತ್ತು. ಐದು ವರ್ಷ ತಡವಾಗಿ ಬಂದ ಸತ್ಯ ಅಂಜಿದ ಹಳ್ಳಿಗಳನ್ನು ಎಷ್ಟರಮಟ್ಟಿಗೆ ತಲುಪಿದ್ದೀತು? ಕೇಡು ಸಂಭವಿಸಿದಾಗ ಅದನ್ನು ಕೂಡಲೇ, ಕಾರಣಸಹಿತವಾಗಿ ಹೇಳದಿದ್ದರೆ ಆ ತೆರಪನ್ನು ವದಂತಿ ತುಂಬುತ್ತದೆ.

ಹೇಳದೆ ಇದ್ದುದರ ಫಲವನ್ನು ಜಗತ್ತು 1918ರಲ್ಲಿ ಕಂಡಿತು. ಆ ವರ್ಷದ ಇನ್‌ಫ್ಲುಯೆಂಜಾ ಜ್ವರಕ್ಕೆ ಸ್ಪೇನಿನ ಹೆಸರು ಅಂಟಿಕೊಂಡದ್ದು ಏಕೆ? ಯುದ್ಧದಲ್ಲಿದ್ದ ದೇಶಗಳ ಪತ್ರಿಕೆಗಳಿಗೆ ಬಾಯಿಕಟ್ಟು ಇತ್ತು. ತಟಸ್ಥವಾಗಿದ್ದ ಸ್ಪೇನಿನ ಪತ್ರಿಕೆಗಳು ಮಾತ್ರ ಇದ್ದದ್ದನ್ನು ಇದ್ದಂತೆ ಬರೆದವು. ನಿಜ ಹೇಳಿದ ನಾಡಿಗೆ ರೋಗದ ಅಪವಾದ ಬಂತು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ರೋಗ ಕಾಲಿಟ್ಟದ್ದು ಗೊತ್ತಿದ್ದೂ, ಯುದ್ಧನಿಧಿಯ ಸಲುವಾಗಿ ಸೆಪ್ಟೆಂಬರ್ 28ರಂದು ಭಾರಿ ಮೆರವಣಿಗೆ ನಡೆಸಿದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳು ತುಂಬಿಹೋದವು. ಶಾಲೆ, ಚಿತ್ರಮಂದಿರ, ಸಭೆಗಳನ್ನು ಬೇಗನೆ ನಿಲ್ಲಿಸಿದ ಸೇಂಟ್ ಲೂಯಿಸ್ ನಗರದಲ್ಲಿ ಸಾವಿನ ಪ್ರಮಾಣ ಅದಕ್ಕಿಂತ ಬಹಳ ಕಡಿಮೆಯಾಗಿತ್ತು. ನಮ್ಮ ದೇಶದಲ್ಲಿ ಆ ಜ್ವರಕ್ಕೆ ಸತ್ತವರು ಒಂದು ಕೋಟಿಗೂ ಮಿಗಿಲು ಎಂಬುದು ವಿದ್ವಾಂಸರ ಅಂದಾಜು. 1911ರಿಂದ 1921ರ ದಶಕದಲ್ಲಿ ಭಾರತದ ಜನಸಂಖ್ಯೆ ಏರದೆ ಇಳಿಯಿತು. ಅಷ್ಟು ದೊಡ್ಡ ಸಾವು ನಮ್ಮ ಸಾಹಿತ್ಯದಲ್ಲಿ ಪ್ಲೇಗಿನಷ್ಟು ಆಳವಾದ ಗುರುತನ್ನು ಉಳಿಸದಿರುವುದು ನನಗೆ ಆಗಾಗ ವಿಚಿತ್ರವೆನಿಸುತ್ತದೆ. ಬಹುಶಃ ಅದು ಬಂದು ಹೋದ ವೇಗವೇ ಇದಕ್ಕೆ ಕಾರಣವಿರಬಹುದು.

ಈಗ ನಮ್ಮ ಕಾಲದ ರೋಗಕ್ಕೆ ಬರುತ್ತೇನೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿತು. ಈ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ನಮ್ಮ ಕಲಬುರಗಿಯದು. ಆಮೇಲೆ ಮಾತಿನ ಮಳೆಯೇ ಸುರಿಯಿತು. ದೂರವಾಣಿ ಎತ್ತಿದರೆ ಕೆಮ್ಮಿನ ಸದ್ದು ಮತ್ತು ಉಪದೇಶ. ಗೋಡೆಗಳ ಮೇಲೆ ಉಪದೇಶ. ಅಂಗೈಯ ಫೋನಿನಲ್ಲಿ ಉಪದೇಶ, ಮದ್ದು, ಶಾಪ, ಹಾಡು. 1918ರಲ್ಲಿ ಮಾತಿನ ಬರ, 2020ರಲ್ಲಿ ಮಾತಿನ ನೆರೆ. ನೆರೆಯಲ್ಲಿಯೂ ಕುಡಿಯುವ ನೀರಿಗೆ ತೊಂದರೆಯೇ.

ಆ ನೆರೆಯಲ್ಲಿ ಎರಡು ತಪ್ಪುಗಳು ಮುಖ್ಯವಾದವು. ಮೊದಲನೆಯದು ಮುಖಗವುಸಿನದು. ಆರಂಭದಲ್ಲಿ ಅನೇಕ ದೇಶಗಳ ಆರೋಗ್ಯಾಧಿಕಾರಿಗಳು ಜನಸಾಮಾನ್ಯರಿಗೆ ಮಾಸ್ಕು ಬೇಕಿಲ್ಲವೆಂದರು. ಅವು ವೈದ್ಯರಿಗೆ, ದಾದಿಯರಿಗೆ ಸಾಲದೆ ಹೋದೀತೆಂಬ ಚಿಂತೆಯೂ ಆ ಮಾತಿನ ಹಿಂದೆ ಇತ್ತು. 2020ರ ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ದೇಶದಲ್ಲಿಯೂ ಅಮೆರಿಕದಲ್ಲಿಯೂ ಬಟ್ಟೆಯ ಮುಖಗವುಸು ಧರಿಸಿರೆಂದು ಸಲಹೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ಜೂನ್ ತಿಂಗಳಲ್ಲಿ ಹಾಗೆಂದಿತು. ಅಭಿಪ್ರಾಯ ಬದಲಾದದ್ದು ತಪ್ಪಲ್ಲ. ಹೊಸ ರೋಗದಲ್ಲಿ ತಿಳಿವಳಿಕೆ ದಿನದಿನಕ್ಕೂ ಬೆಳೆಯುತ್ತದೆ. 'ಇರುವ ಮಾಸ್ಕುಗಳು ಕಡಿಮೆ, ಆಸ್ಪತ್ರೆಯವರಿಗೆ ಮೊದಲು ಸಿಗಲಿ, ನೀವು ಬಟ್ಟೆ ಕಟ್ಟಿಕೊಳ್ಳಿ' ಎಂದು ನೇರವಾಗಿ ಹೇಳಿದ್ದರೆ ಜನ ಒಪ್ಪುತ್ತಿರಲಿಲ್ಲವೆ? ಒಪ್ಪುತ್ತಿದ್ದರೆಂದೇ ನನ್ನ ನಂಬಿಕೆ. ಇಲ್ಲಿಯೂ ಎಲ್ಲಿಸನ ಪದ್ಯದ ನೆರಳು ನನಗೆ ಕಾಣುತ್ತದೆ.

ಎರಡನೆಯದು ಗಾಳಿಯ ವಿಷಯ. ರೋಗ ಗಾಳಿಯಲ್ಲಿ ತೇಲಿ ಬರುವುದಿಲ್ಲವೆಂದು 2020ರ ಮಾರ್ಚಿನಲ್ಲಿ ಖಂಡಿತವಾಗಿ ಸಾರಿದ್ದರು. ನಾವು ತರಕಾರಿಯನ್ನು ಸಾಬೂನಿನಲ್ಲಿ ತೊಳೆದೆವು, ಹಾಲಿನ ಪೊಟ್ಟಣವನ್ನು ಒರೆಸಿದೆವು, ಬೀದಿಗೆ ಔಷಧ ಸಿಂಪಡಿಸಿದೆವು. ಕಿಟಕಿಗಳನ್ನು ಮಾತ್ರ ಮುಚ್ಚಿಕೊಂಡು ಕುಳಿತೆವು. ಗಾಳಿಯಾಡದ ಕೋಣೆಯಲ್ಲಿ ಸೂಕ್ಷ್ಮ ಕಣಗಳು ಬಹುಹೊತ್ತು ತೇಲಾಡಿ ರೋಗ ಹರಡುತ್ತವೆಂಬುದು 2021ರ ಹೊತ್ತಿಗೆ ಎಲ್ಲರೂ ಒಪ್ಪಿದ ಮಾತಾಯಿತು. ಆದರೆ ಮೊದಲ ಮಾತು ಎಷ್ಟು ಗಟ್ಟಿಯಾಗಿ ಬಂದಿತ್ತೋ ತಿದ್ದುಪಡಿ ಅಷ್ಟೇ ಮೆಲ್ಲಗೆ ಬಂತು. ಕಾರ್ಬಾಲಿಕ್ ಸುರಿದು ಚಿಗಟವನ್ನು ಮರೆತ ಕಾಲಕ್ಕೂ ಇದಕ್ಕೂ ನೂರಿಪ್ಪತ್ತು ವರ್ಷಗಳ ಅಂತರವಿದೆಯೆಂದು ನಂಬುವುದು ಕಷ್ಟ.

ಇವೆರಡಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಮನೆಗಳ ಮೇಲೆ ಅಂಟಿಸಿದ ಚೀಟಿ. ಹಿಂದೆ ಸಿಡುಬು ಎದ್ದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಒಳಗೆ ರೋಗಿಯಿದ್ದಾರೆ, ಬರಬೇಡಿ ಎಂಬುದೇ ಅದರ ಅರ್ಥ. ಸೊಪ್ಪನ್ನು ಕಂಡವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು, ಕೈಮುಗಿದು ಮುಂದೆ ಹೋಗುತ್ತಿದ್ದರು. ಎಳನೀರೋ ಮಜ್ಜಿಗೆಯೋ ಹೊರಗಿಟ್ಟು ಹೋಗುವವರೂ ಇದ್ದರು. ಆ ಭಕ್ತಿಯೇ ದಾಕಿಗೆ ಅಡ್ಡಿಯಾದದ್ದೂ ಉಂಟು, ಅದನ್ನು ನಾನು ಮರೆಮಾಚುವುದಿಲ್ಲ. 2020ರಲ್ಲಿ ಬಾಗಿಲಿಗೆ ಚೀಟಿ ಬಂತು, ಮುಂಗೈಗೆ ಮುದ್ರೆ ಬಂತು. ಹೇಳಿದ್ದು ಅದೇ ಮಾತು. ಆದರೆ ಸೊಪ್ಪು ಗೌರವವನ್ನು ತಂದಿತ್ತು, ಚೀಟಿ ಅವಮಾನವನ್ನು ತಂದಿತು. ನಾವು ಹೋರಾಡಬೇಕಾದದ್ದು ರೋಗದೊಡನೆ, ರೋಗಿಯೊಡನೆ ಅಲ್ಲ ಎಂದು ದೂರವಾಣಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರೂ ಬಾಗಿಲಿನ ಚೀಟಿ ಬೇರೆಯದನ್ನೇ ಹೇಳುತ್ತಿತ್ತು. ಅವಮಾನಕ್ಕೆ ಅಂಜಿದವರು ಜ್ವರವನ್ನು ಮುಚ್ಚಿಟ್ಟರು. ಪುಣೆಯ ಕಥೆಯೇ ಮತ್ತೆ. ಆ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಸಮರ್ಥ ಅಧಿಕಾರಿಯ ವಿಶೇಷ ನಿರ್ದೇಶನವಿಲ್ಲದೆ ಇಂಥ ಚೀಟಿ ಅಂಟಿಸಕೂಡದೆಂದು ಹೇಳಬೇಕಾಯಿತು.

ಹಾಗಾದರೆ ಎಚ್ಚರಿಕೆಯ ಮಾತು ಹೇಗಿರಬೇಕು? ನನಗೆ ತೋರಿದ ಮಟ್ಟಿಗೆ ಅದರಲ್ಲಿ ಮೊದಲು ಕಾರಣವಿರಬೇಕು. 'ಮಾಸ್ಕು ಹಾಕಿ' ಎಂಬುದು ಆಜ್ಞೆ. 'ಈ ರೋಗ ತಗಲಿದವನಿಗೆ ಜ್ವರ ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ಅವನ ಉಸಿರಿನಿಂದ ಅದು ಹರಡಬಲ್ಲದು. ಆದ್ದರಿಂದ ಆರೋಗ್ಯವಾಗಿ ಕಾಣುವವನೂ ಬಾಯಿ ಮೂಗು ಮುಚ್ಚಿಕೊಳ್ಳಬೇಕು' ಎಂಬುದು ತಿಳಿವಳಿಕೆ. ಇಷ್ಟು ತಿಳಿದವನು ಪೊಲೀಸಿನವನು ಕಂಡಾಗ ಮಾತ್ರ ಮಾಸ್ಕನ್ನು ಗದ್ದದಿಂದ ಮೇಲಕ್ಕೆ ಎಳೆದುಕೊಳ್ಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಹತ್ತು ಜನ ಕೂಡುವುದಕ್ಕೂ ಬಯಲಿನಲ್ಲಿ ಕೂಡುವುದಕ್ಕೂ ಇರುವ ವ್ಯತ್ಯಾಸವೂ ಅವನಿಗೇ ಹೊಳೆಯುತ್ತದೆ.

ಎರಡನೆಯದಾಗಿ, ಹೇಳಿದ್ದು ಕೇಳುವವನ ಕೈಲಾಗುವಂತಿರಬೇಕು. ಒಂದೇ ಕೋಣೆಯಲ್ಲಿ ಆರು ಜನರಿರುವ ಮನೆಗೆ 'ಪ್ರತ್ಯೇಕ ಕೋಣೆಯಲ್ಲಿರಿ' ಎಂದರೇನು ಬಂತು? ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಬೀದಿಗೆ 'ಪದೇ ಪದೇ ಕೈ ತೊಳೆಯಿರಿ' ಎಂದರೇನು? ದಿನಗೂಲಿಯವನಿಗೆ 'ಮನೆಯಲ್ಲೇ ಇರಿ' ಎಂದರೆ ಅವನ ಒಲೆಯ ಮೇಲಿನ ಪಾತ್ರೆಗೆ ಏನು ಹೇಳಬೇಕು? ಹಡಗುಗಳನ್ನು ದಡದಾಚೆ ನಿಲ್ಲಿಸುವ ಪದ್ಧತಿಯನ್ನು 1377ರಲ್ಲಿ ಆರಂಭಿಸಿದ ರಗೂಸಾ ಪಟ್ಟಣ ಮೊದಲು ಮೂವತ್ತು ದಿನ ಎಂದಿತು. ಆಮೇಲೆ ಅದು ನಲವತ್ತಾಗಿ, ಇಟಲಿಯ ಆ 'ನಲವತ್ತು' ಎಂಬ ಪದದಿಂದಲೇ 'ಕ್ವಾರಂಟೈನ್' ಹುಟ್ಟಿತು. ಅಲ್ಲಿಯಾದರೂ ಹಡಗಿನವರಿಗೆ ಇಂತಿಷ್ಟು ದಿನವೆಂಬ ಎಣಿಕೆ ಇತ್ತು. ಎಷ್ಟು ದಿನ, ಅಷ್ಟು ದಿನ ಅನ್ನಕ್ಕೇನು ದಾರಿ ಎಂಬುದನ್ನು ಹೇಳದ ಎಚ್ಚರಿಕೆ ಅರ್ಧ ಎಚ್ಚರಿಕೆ.

ಮೂರನೆಯದಾಗಿ, ಹೇಳುವವನು ಗೊತ್ತಿದ್ದುದನ್ನು ಗೊತ್ತಿದೆಯೆಂದೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೂ ಹೇಳಬೇಕು. ನಿನ್ನೆಯ ಮಾತು ಇಂದು ಬದಲಾದರೆ, ಏಕೆ ಬದಲಾಯಿತೆಂದು ನಿನ್ನೆಯಷ್ಟೇ ಗಟ್ಟಿಯಾಗಿ ಹೇಳಬೇಕು. ಇದರ ಜೊತೆಗೆ ಇನ್ನೊಂದು ತೊಡಕೂ ಉಂಟು. ಮುಂಜಾಗ್ರತೆ ಫಲಿಸಿದರೆ ಏನೂ ಆಗುವುದಿಲ್ಲ. ಏನೂ ಆಗದಿದ್ದಾಗ 'ಇಷ್ಟೆಲ್ಲ ಗದ್ದಲ ಏಕೆ ಬೇಕಿತ್ತು' ಎಂದು ಜನ ಕೇಳುತ್ತಾರೆ. ಒಡೆಯದ ಕೆರೆಯ ಏರಿಯನ್ನು ಹೊಗಳುವವರು ಕಡಿಮೆ. ಈ ತೊಡಕನ್ನೂ ಜನರ ಮುಂದೆ ಬಿಚ್ಚಿಡಬೇಕಲ್ಲದೆ, ಅವರನ್ನು ಹೆದರಿಸಿ ಸುಮ್ಮನಿರಿಸಬಾರದು.

ಮಾತು ಗೆದ್ದ ಒಂದು ಉದಾಹರಣೆಯನ್ನೂ ಹೇಳಬೇಕು. 1974-75ರಲ್ಲಿ ನಮ್ಮ ದೇಶದಿಂದ ಸಿಡುಬನ್ನು ಬೇರುಸಹಿತ ಕೀಳುವ ಕೆಲಸ ನಡೆದಾಗ ಆರೋಗ್ಯ ಕಾರ್ಯಕರ್ತರು ಒಂದು ಚಿತ್ರವನ್ನು ಹಿಡಿದು ಮನೆ ಮನೆಗೆ ಹೋದರು. ಸಿಡುಬು ಎದ್ದ ಮಗುವಿನ ಚಿತ್ರ ಅದು. 'ಇಂಥ ರೋಗದವರನ್ನು ಎಲ್ಲಿಯಾದರೂ ಕಂಡಿರಾ?' ಎಂದು ಕೇಳಿದರು. ಸಂತೆಯಲ್ಲಿ ಕೇಳಿದರು, ಶಾಲೆಯ ಮಕ್ಕಳನ್ನು ಕೇಳಿದರು. ಸುಳಿವು ಕೊಟ್ಟವರಿಗೆ ಬಹುಮಾನ ಗೊತ್ತುಮಾಡಿದರು. ರೋಗ ಅಪರೂಪವಾದಂತೆ ಬಹುಮಾನ ಏರಿ ಕೊನೆಗೆ ಸಾವಿರ ರೂಪಾಯಿಗೆ ಮುಟ್ಟಿತು. ಆ ಕಾರ್ಯಾಚರಣೆಯಲ್ಲಿ ಒತ್ತಾಯ ನಡೆಯಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಬಾಗಿಲು ಮುರಿದು ದಾಕು ಹಾಕಿದ ಪ್ರಸಂಗಗಳೂ ಉಂಟು. ಆದರೆ ಅದರ ಜೀವಾಳ ಇದ್ದದ್ದು ಆ ಪ್ರಶ್ನೆಯಲ್ಲಿ. ಆಜ್ಞೆ ಕೇಳಿದವನು ಆಳಾಗುತ್ತಾನೆ. ಪ್ರಶ್ನೆ ಕೇಳಿಸಿಕೊಂಡವನು ಜೊತೆಗಾರನಾಗುತ್ತಾನೆ. 1975ರ ಮೇ ತಿಂಗಳಿನ ನಂತರ ಭಾರತದಲ್ಲಿ ಸಿಡುಬು ಕಾಣಿಸಿಕೊಳ್ಳಲಿಲ್ಲ. 1980ರ ಮೇ 8ರಂದು ಅದು ಜಗತ್ತಿನಿಂದಲೇ ಅಳಿಯಿತೆಂದು ಸಾರಿದರು.

ನನ್ನ ಕರಪತ್ರದ ಕಥೆಯನ್ನು ಮುಗಿಸಿಬಿಡುತ್ತೇನೆ. ಆ ಹೆಂಗಸು ಹೋದ ಮೇಲೆ ತರುಣರನ್ನು ಕರೆಸಿ, ಎರಡನೆಯ ಮುದ್ರಣಕ್ಕೆ ಆ ಸಾಲನ್ನು ತೆಗೆಯಿಸಿದೆ. ಬದಲಿಗೆ ಏನು ಬರೆಯುವುದು? ಈ ಬಾರಿ ನಿಘಂಟನ್ನು ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ಆಕೆ ಬಂದಾಗ ಜಗಲಿಯಿಂದ ಇಳಿದು, ಬೀದಿಯಲ್ಲಿಯೇ ಮೂರು ಮಾರು ದೂರ ನಿಂತು ಆಕೆಯನ್ನೇ ಕೇಳಿದೆ: 'ಒಬ್ಬರ ಉಸಿರು ಒಬ್ಬರಿಗೆ ತಗಲಬಾರದು ಅನ್ನುವುದನ್ನು ನಿಮ್ಮ ಬೀದಿಯಲ್ಲಿ ಹೇಗೆ ಹೇಳುತ್ತೀಯಮ್ಮ?' ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ ಸ್ವಲ್ಪ ಹೊತ್ತು ಯೋಚಿಸಿದಳು. 'ಕೈ ಚಾಚಿದರೆ ಸಿಗದಷ್ಟು ದೂರ, ಕೂಗಿದರೆ ಓಗೊಡೋವಷ್ಟು ಹತ್ರ ಇರಿ ಅನ್ನಿ' ಎಂದಳು.

ಎರಡನೆಯ ಮುದ್ರಣದಲ್ಲಿ ಆ ಮಾತೇ ದಪ್ಪ ಅಕ್ಷರದಲ್ಲಿ ಬಂತು.

(ಬಾನುಲಿ ಭಾಷಣ)